ತಗ್ಗು ಕಾರು, ಜಲ್ಲಿ ದಾರಿ: ಎಂಜಿನ್ ಚೇಂಬರ್ ಉಳಿಸಿಕೊಳ್ಳುವ ಬಗೆ

ವಾರವೆಲ್ಲ ದುರ್ಗಿಗುಡಿ, ಭಾನುವಾರ ತೋಟ. ಶಿವಮೊಗ್ಗದ ಎಷ್ಟೋ ಮನೆಗಳ ಕಾರುಗಳು ಓಡಾಡುವುದೇ ಹೀಗೆ. ಆರು ದಿನ ನೆಹರೂ ರಸ್ತೆ, ಗೋಪಿ ವೃತ್ತ, ಸವಾರ್‌ಲೈನ್ ರಸ್ತೆ ಸುತ್ತುವ ಕಾರು ರಜೆ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಊರಿಗೆ ಹೊರಡುತ್ತದೆ. ಡಾಂಬರು ಮುಗಿದು ತೋಟದ ದಾರಿ ಶುರುವಾದ ಕೂಡಲೇ ಕೆಳಗಿನಿಂದ ಟಣ್ ಟಣ್ ಎಂದು ಜಲ್ಲಿ ಬಡಿಯುತ್ತದೆ. ಒಮ್ಮೆ ಧಡ್ ಎಂದು ಏನೋ ತಗಲುತ್ತದೆ. ಕಾರು ಓಡುತ್ತಲೇ ಇರುವುದರಿಂದ ಯಾರೂ ಇಳಿದು ನೋಡುವುದಿಲ್ಲ. ನಾಲ್ಕು ದಿನ ಬಿಟ್ಟು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಳಗಿನಿಂದ ಎದ್ದು ಬಂದು, "ಸಾರ್, ಚೇಂಬರ್ ಹೋಗಿದೆ" ಎನ್ನುತ್ತಾನೆ.

ಭದ್ರಾವತಿಗೆ ದಿನಾ ಹೋಗಿಬರುವವರ ತೊಂದರೆ ಸ್ವಲ್ಪ ಬೇರೆ. ಬಿ.ಎಚ್. ರಸ್ತೆಯಲ್ಲಿ ಜಲ್ಲಿ, ಮರಳು ತುಂಬಿದ ಟಿಪ್ಪರ್‌ಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಲಾರಿಗಳು, ಕಾಮಗಾರಿ ನಡೆದ ಕಡೆ ಚೆಲ್ಲಿ ಉಳಿದ ಕಲ್ಲು. ಅಲ್ಲಿ ಧಡ್ ಎನ್ನುವುದು ಕಡಿಮೆ, ಟಣ್ ಎನ್ನುವುದೇ ಹೆಚ್ಚು.

ಇಬ್ಬರಿಗೂ ಸಿಗುವ ಸಲಹೆ ಮಾತ್ರ ಒಂದೇ: "ಒಂದು ಗಾರ್ಡ್ ಹಾಕಿಸಿಬಿಡಿ." ಗಾರ್ಡ್ ಒಳ್ಳೆಯ ವಸ್ತುವೇ. ಆದರೆ ನಿಮ್ಮ ಕಾರಿಗೆ ಬೀಳುತ್ತಿರುವುದು ಯಾವ ಪೆಟ್ಟು ಎಂದು ತಿಳಿಯದೆ ಹಾಕಿಸಿದರೆ, ಮೊದಲು ತಗಲದಿದ್ದ ಹಂಪ್ ಕೂಡ ಆಮೇಲೆ ತಗಲುತ್ತದೆ.

ಕೆಳಗೆ ಏನಿದೆ?

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಅದೇ ಜೋಡಣೆಗೆ ಒಗ್ಗಿಕೊಂಡವು. ಎಂಜಿನ್ ಅಡ್ಡಲಾಗಿ ಕೂರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿ, ಎಂಜಿನ್ ತಿರುಗಿಸುವ ಚಕ್ರಗಳು ಮುಂದೆ. ಭಾರವಾದದ್ದು, ಬೆಲೆಬಾಳುವುದು ಎಲ್ಲವೂ ಮುಂದಿನ ಎರಡು ಚಕ್ರಗಳ ನಡುವೆಯೇ ಇದೆ. ಅದರ ತೀರಾ ತಳದಲ್ಲಿರುವ ತಟ್ಟೆಯೇ ಆಯಿಲ್ ಸಂಪ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಚೇಂಬರ್. ಸಣ್ಣ ಪೆಟ್ರೋಲ್ ಕಾರಿನಲ್ಲಿ ಮೂರರಿಂದ ನಾಲ್ಕು ಲೀಟರ್ ಎಂಜಿನ್ ಆಯಿಲ್ ಅದರಲ್ಲಿ ನಿಂತಿರುತ್ತದೆ.

ಚೇಂಬರ್ ಬಿಚ್ಚಿ ನೋಡಿದರೆ ಒಳಗೆ ಮೇಲಿನಿಂದ ಇಳಿದು ಬಂದ ಒಂದು ಕೊಳವೆ ಕಾಣುತ್ತದೆ. ಅದರ ಬಾಯಿಗೆ ಜಾಲರಿ ಹಾಕಿರುತ್ತಾರೆ. ಆಯಿಲ್ ಪಂಪ್ ಎಣ್ಣೆ ಹೀರುವುದು ಇದರ ಮೂಲಕವೇ. ಜಾಲರಿಗೂ ತಟ್ಟೆಯ ತಳಕ್ಕೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರುವುದಿಲ್ಲ. ತಗಡಿನ ಚೇಂಬರ್‌ಗೆ ಕೆಳಗಿನಿಂದ ಕಲ್ಲು ಗುದ್ದಿ ತಳ ಒಳಕ್ಕೆ ಉಬ್ಬಿದರೆ ಆ ಜಾಗ ಮುಚ್ಚಿಹೋಗಬಹುದು. ಒಂದು ತೊಟ್ಟೂ ಸೋರುವುದಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸರಿಯಾಗಿಯೇ ಕಾಣುತ್ತದೆ. ಆದರೂ ಎಂಜಿನ್ ಮೇಲ್ಭಾಗಕ್ಕೆ ಎಣ್ಣೆ ಸಾಲದೆ ಬೇರಿಂಗ್ ಸವೆಯುತ್ತದೆ. ಎರಕದ ಅಲ್ಯೂಮಿನಿಯಂ ಚೇಂಬರ್ ಇದ್ದರೆ ಕಥೆ ಉಲ್ಟಾ. ಅದು ನೆಗ್ಗುವುದಿಲ್ಲ, ಬಿರಿಯುತ್ತದೆ. "ಸೋರಿಲ್ಲವಲ್ಲ, ಪರವಾಗಿಲ್ಲ" ಎಂಬ ಸಮಾಧಾನ ಎಲ್ಲ ಕಾರಿಗೂ ಹೊಂದುವುದಿಲ್ಲ.

ಜಲ್ಲಿಯ ಪೆಟ್ಟು, ಹಂಪಿನ ಪೆಟ್ಟು

ಜಲ್ಲಿ ಎರಡು ದಾರಿಯಿಂದ ಬರುತ್ತದೆ. ನಿಮ್ಮದೇ ಮುಂದಿನ ಟೈರು ಎಸೆಯುವುದು ಒಂದು, ಮುಂದೆ ಹೋಗುವ ಗಾಡಿ ಎಸೆಯುವುದು ಇನ್ನೊಂದು. ಈ ಚೂರುಗಳು ಚೇಂಬರ್ ಒಡೆಯುವುದು ಅಪರೂಪ. ಅವು ಕೆಡಿಸುವುದು ಸಣ್ಣ ಭಾಗಗಳನ್ನು. ಆಲ್ಟರ್ನೇಟರ್ ಬೆಲ್ಟಿನ ಸಂದಿಗೆ ಸಿಕ್ಕಿಕೊಳ್ಳುತ್ತವೆ, ಎ.ಸಿ. ಕಂಡೆನ್ಸರ್ ತೂತು ಮಾಡುತ್ತವೆ, ಸೆನ್ಸರ್ ವೈರ್ ಕೀಳುತ್ತವೆ, ಆ್ಯಕ್ಸಲ್ ತುದಿಯ ರಬ್ಬರ್ ಬೂಟ್ ಹರಿಯುತ್ತವೆ. ಇದಕ್ಕೆ ಬೇಕಿರುವುದು ಹಗುರವಾದ, ಪೂರ್ತಿ ಮುಚ್ಚುವ ಹೊದಿಕೆ. ವೇಗವೂ ಮುಖ್ಯ. 60 ಕಿ.ಮೀ. ವೇಗದಲ್ಲಿ ಬಡಿಯುವ ಕಲ್ಲಿನ ಶಕ್ತಿ 30ರಲ್ಲಿ ಬಡಿಯುವುದಕ್ಕಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಹಂಪ್, ಬಂಡೆ, ಗಾಡಿಜಾಡಿನ ನಡುದಿಣ್ಣೆ ಕೊಡುವ ಪೆಟ್ಟಿನಲ್ಲಿ ಹಾಗಲ್ಲ, ಕಾರಿನ ತೂಕವೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಅಲ್ಲಿ ಏನೂ ಮಾಡಲಾರದು.

ಹಂಪಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ರಸ್ತೆಯ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಈ ಅಳತೆ. ಸ್ವಿಫ್ಟ್ ಕಾರಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.45 ಮೀಟರ್. ಅಂದರೆ ಹಂಪ್ ನಡುವಿಗೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ, ಕಾರಿನ ತಳದೊಳಕ್ಕೆ ನಿಜವಾಗಿ ಏರುವ ಉಬ್ಬು ನಾಲ್ಕೂವರೆ ಸೆಂ.ಮೀ. ಮಾತ್ರ. ಊರವರು ರಾತ್ರೋರಾತ್ರಿ ಹಾಕಿಸಿದ ಒಂದು ಮೀಟರ್ ಅಗಲ, 15 ಸೆಂ.ಮೀ. ಎತ್ತರದ ದಿಬ್ಬಕ್ಕೆ ಬನ್ನಿ. ಮುಂದಿನ ಚಕ್ರ ಆಚೆ ಇಳಿದಿದೆ, ಹಿಂದಿನದು ಈಚೆ ಇದೆ, ಪೂರ್ತಿ 15 ಸೆಂ.ಮೀ. ತಳದ ಕೆಳಗೇ ನಿಂತಿದೆ. ಹಂಪಿನ ಎತ್ತರಕ್ಕಿಂತ ಅದರ ಕಿರಿದಾದ ಅಗಲವೇ ಕಾರಿಗೆ ಹೆಚ್ಚು ಅಪಾಯ. ಆದ್ದರಿಂದ ಮುಂದೆ ಹಂಪ್ ಕಂಡಾಗ ಎಷ್ಟು ಎತ್ತರ ಎಂದಷ್ಟೇ ಅಲ್ಲ, ಎಷ್ಟು ಅಗಲ ಎಂದೂ ನೋಡಿ.

ಮೊದಲು ಟೇಪ್ ಹಿಡಿಯಿರಿ

ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಕಾರಿನದು. ಸ್ವಿಫ್ಟ್, ಡಿಸೈರ್ 163 ಮಿ.ಮೀ., ಹೋಂಡಾ ಸಿಟಿ 165 ಮಿ.ಮೀ., ಹೋಲಿಕೆಗೆ ಕ್ರೆಟಾ 190 ಮಿ.ಮೀ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿದರೆ ಇದರಲ್ಲಿ ಮೂರ್ನಾಲ್ಕು ಸೆಂ.ಮೀ. ಸುಲಭವಾಗಿ ಹೋಗುತ್ತದೆ. ಬ್ರೇಕ್ ಒತ್ತಿದಾಗ ಮೂತಿ ತಗ್ಗಿ ಇನ್ನಷ್ಟು ಹೋಗುತ್ತದೆ.

ಹಾಗಾಗಿ ನಿಮ್ಮ ಕಾರನ್ನೇ ಅಳೆಯಿರಿ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಟೈರಿಗೆ ಸರಿಯಾದ ಗಾಳಿ ಹೊಡೆಸಿ, ಊರಿಗೆ ಹೋಗುವಾಗ ಎಷ್ಟು ಜನ ಇರುತ್ತಾರೋ ಅಷ್ಟೂ ಜನರನ್ನು ಕೂರಿಸಿ, ಚೇಂಬರ್ ತಳದಿಂದ ನೆಲಕ್ಕೆ ಎಷ್ಟಿದೆ ನೋಡಿ. ಕಾರಿನ ಕೆಳಗೆ ತೂರಬೇಡಿ, ಬದಿಯಿಂದ ಕೋಲು ಚಾಚಿ ಗುರುತು ಮಾಡಿಕೊಂಡರೆ ಸಾಕು. ಎಡ ಬಲ ಚಕ್ರದ ಕಮಾನಿನ ಎತ್ತರವನ್ನೂ ಅಳೆಯಿರಿ. ಒಂದು ಕಡೆ ತಗ್ಗಿದ್ದರೆ, ಅಥವಾ ಹಳೆಯ ಕಾರು ಮುಂದಕ್ಕೆ ವಾಲಿದ್ದರೆ, ಸ್ಪ್ರಿಂಗ್ ಸೋತಿದೆ ಎಂದರ್ಥ. ಆಗ ನಿಮಗೆ ಬೇಕಿರುವುದು ಗಾರ್ಡ್ ಅಲ್ಲ, ಹೊಸ ಸ್ಪ್ರಿಂಗ್. ಅದರಿಂದ ಕಳೆದುಕೊಂಡ ಎತ್ತರ ವಾಪಸು ಬರುತ್ತದೆ. ಗಾರ್ಡಿನಿಂದ ಇರುವ ಎತ್ತರವೂ ಹೋಗುತ್ತದೆ.

ನಗರ, ಹೆದ್ದಾರಿ ಮಾತ್ರ ಓಡಿಸುವವರಿಗೆ

ನಿಮ್ಮ ಓಡಾಟ ದುರ್ಗಿಗುಡಿಯಿಂದ ಭದ್ರಾವತಿವರೆಗೆ ಮಾತ್ರವೇ? ಹಾಗಿದ್ದರೆ ಕಂಪನಿಯ ಪ್ಲಾಸ್ಟಿಕ್ ಅಂಡರ್ ಕವರ್ ಸಾಕು. ಬಹಳಷ್ಟು ಕಾರುಗಳಲ್ಲಿ ಇದು ಮೊದಲೇ ಇರುತ್ತದೆ. ಎರಡು ಸರ್ವಿಸ್ ಆಗುವಷ್ಟರಲ್ಲಿ ಕ್ಲಿಪ್ ಮುರಿದು, ಬೈಂಡಿಂಗ್ ವೈರಿನಲ್ಲಿ ಕಟ್ಟಿಸಿಕೊಂಡು ಜೋತಾಡುತ್ತಿರುತ್ತದೆ, ಅಷ್ಟೆ. ಜೋತಾಡುವ ಕವರ್‌ನ ಮುಂದಿನ ಅಂಚು ಗಾಳಿಯನ್ನೂ ಜಲ್ಲಿಯನ್ನೂ ಒಳಕ್ಕೆ ಮೊಗೆಯುತ್ತದೆ, ಒಂದು ದಿನ ಹೆದ್ದಾರಿಯಲ್ಲಿ ಹರಿದು ಬೀಳುತ್ತದೆ. ಹೊಸ ಕವರ್, ಹೊಸ ಕ್ಲಿಪ್ ಹಾಕಿಸಿ. ಮುಂದಿನ ಚಕ್ರದ ಗೂಡಿನೊಳಗಿನ ಲೈನಿಂಗ್ ಕೂಡ ಪೂರ್ತಿ ಇದೆಯೇ ನೋಡಿಸಿ. ಟೈರು ಎಸೆಯುವ ಕಲ್ಲು ಎಂಜಿನ್ ಕಡೆಗೆ ನುಗ್ಗುವುದು ಅಲ್ಲಿಂದಲೇ. ಬಂಪರ್ ಕೆಳಗಿನ ದೊಡ್ಡ ಜಾಲಂದರಕ್ಕೆ ಒಳಗಿನಿಂದ ಸಣ್ಣ ಕಣ್ಣಿನ ಮೆಶ್ ಹಾಕಿಸಿದರೆ ಕಂಡೆನ್ಸರ್ ಉಳಿಯುತ್ತದೆ. ತೀರಾ ಒತ್ತಾದ ಮೆಶ್ ಬೇಡ, ಗಾಳಿ ನಿಲ್ಲುತ್ತದೆ.

ತೋಟದ ದಾರಿಯವರಿಗೆ: ಲೋಹದ ಗಾರ್ಡ್

ಕಲ್ಲುದಾರಿಯಲ್ಲಿ ಪ್ರತಿ ವಾರ ಇಳಿಯುವವರಿಗೆ, ಕಾಫಿ ತೋಟ, ಅಡಿಕೆ ತೋಟದ ಏರುದಾರಿಯವರಿಗೆ ಲೋಹದ ಗಾರ್ಡ್ ಬೇಕು. ಚಿಕ್ಕಮಗಳೂರಿನ ಎಸ್ಟೇಟ್ ದಾರಿಗಳಲ್ಲಿ ಓಡುವ ರ‍್ಯಾಲಿ ಕಾರುಗಳು ದಪ್ಪ ಅಲ್ಯೂಮಿನಿಯಂ ಹಲಗೆ ಇಲ್ಲದೆ ಹೊರಡುವುದಿಲ್ಲ. ನಿಮ್ಮ ಮಾಡೆಲ್‌ಗೆಂದೇ ಮಾಡಿದ ಗಾರ್ಡ್ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಇಲ್ಲೇ ಮಾಡಿಸಬಹುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಂದಿನಿಂದ ಈ ಸೀಮೆಯಲ್ಲಿ ಲೋಹದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಂಥ ಕಡೆ ಕಾರು ಬಲ್ಲವರೂ ಶೀಟು ಬಗ್ಗಿಸುವವರೂ ಹತ್ತಿರ ಹತ್ತಿರದಲ್ಲೇ ಇರುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕಾರಿನ ಕೆಳಗೆ ನಿಲ್ಲಿಸಿ ಮಾತಾಡಿಸುವುದು ನಿಮ್ಮ ಕೆಲಸ. ಕೆಳಗಿನ ಅಂಶಗಳನ್ನು ಅವರಿಗೆ ಬಿಡಿಸಿ ಹೇಳಿ.

1. ಬೋಲ್ಟ್ ಎಲ್ಲಿಗೆ? ಎಂಜಿನ್ ಕೂರುವ ಸಬ್‌ಫ್ರೇಮಿಗೆ, ಅಥವಾ ಮುಂದಿನ ಅಡ್ಡ ತೊಲೆಗೆ. ಅಲ್ಲಿ ಕಂಪನಿ ಕೊಟ್ಟ ಥ್ರೆಡ್ ತೂತುಗಳು ಇರುತ್ತವೆ. ಚೇಂಬರ್‌ಗೆ, ಗೇರ್‌ಬಾಕ್ಸಿಗೆ, ಬಂಪರ್‌ಗೆ ಕಟ್ಟಲೇಬಾರದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುವ ವಸ್ತು. ಅದಕ್ಕೂ ಬಾಡಿಗೂ ಒಂದೇ ತಗಡು ಬಿಗಿದರೆ ಸ್ಟೀರಿಂಗ್‌ವರೆಗೆ ನಡುಕ ಬರುತ್ತದೆ, ಪೆಟ್ಟು ಬಿದ್ದಾಗ ತಗಡು ಎಂಜಿನ್ನನ್ನೇ ಎಳೆಯುತ್ತದೆ.

2. ಚೇಂಬರ್‌ಗೂ ತಗಡಿಗೂ ನಡುವೆ 15ರಿಂದ 20 ಮಿ.ಮೀ. ಅಂತರ ಇರಲಿ. ತಗಡು ಬಗ್ಗುವುದೇ ಅದರ ಕೆಲಸ, ಬಗ್ಗಲು ಜಾಗ ಬೇಕು. ಅಂಟಿಸಿದಂತೆ ಹಾಕಿದರೆ ಕಲ್ಲಿನ ಪೆಟ್ಟು ತಗಡಿನ ಮೂಲಕ ಹಾಗೆಯೇ ಚೇಂಬರ್‌ಗೆ ಇಳಿಯುತ್ತದೆ.

3. ಎಷ್ಟು ದಪ್ಪ? 80ಕ್ಕೆ 60 ಸೆಂ.ಮೀ. ಅಳತೆಯ ಎಂ.ಎಸ್. ಶೀಟು 2 ಮಿ.ಮೀ. ದಪ್ಪವಿದ್ದರೆ ಸುಮಾರು ಏಳೂವರೆ ಕೆ.ಜಿ., 3 ಮಿ.ಮೀ. ಆದರೆ ಹನ್ನೊಂದು ಕೆ.ಜಿ. ದಾಟುತ್ತದೆ. ಅದೇ ಅಳತೆಯ 4 ಮಿ.ಮೀ. ಅಲ್ಯೂಮಿನಿಯಂ ಐದು ಕೆ.ಜಿ. ಆಸುಪಾಸು. ಸಣ್ಣ ಕಾರಿಗೆ ಮಡಿಕೆ ಕೊಟ್ಟ 2 ಮಿ.ಮೀ. ಉಕ್ಕು ಸಾಕು. ಸಪಾಟಾದ 3 ಮಿ.ಮೀ. ಶೀಟಿಗಿಂತ ಉದ್ದುದ್ದಕ್ಕೆ ಎರಡು ಮಡಿಕೆ ಇರುವ 2 ಮಿ.ಮೀ. ಶೀಟು ಗಟ್ಟಿ. ಹಣ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ ಎನ್ನುವವರು ಅಲ್ಯೂಮಿನಿಯಂ ಹಾಕಿಸಲಿ, ಮಲೆನಾಡಿನ ಮಳೆಗೆ ಅದೇ ವಾಸಿ.

4. ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸಬೇಕು. ಕಲ್ಲು ತಗಲಿದಾಗ ಕಾರು ಅದರ ಮೇಲೆ ಜಾರಿ ಹೋಗಬೇಕೇ ಹೊರತು ಅಂಚು ಕಲ್ಲನ್ನು ಕಚ್ಚಬಾರದು. ರಿವರ್ಸ್ ತೆಗೆಯುವಾಗ ಸಿಕ್ಕಿಕೊಳ್ಳದಂತೆ ಹಿಂದಿನ ಅಂಚಿಗೂ ಸ್ವಲ್ಪ ಬಾಗು ಬೇಕು. ಇದನ್ನು ಮರೆಯುವವರೇ ಹೆಚ್ಚು.

5. ಬಿಸಿ ಹೋಗಲು ದಾರಿ. ತಗಡಿನಲ್ಲಿ ಹಿಂದಕ್ಕೆ ಬಾಯಿ ತೆರೆದ ಸೀಳುಗಳಿರಲಿ. ಹಿಂಭಾಗ ತೆರೆದೇ ಇರಲಿ. ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್ ಸುತ್ತ ಧಾರಾಳ ಜಾಗ ಬಿಡಿಸಿ. ಅಲ್ಲಿ ಒಣ ತರಗೆಲೆ ಸೇರಿದರೆ ಬೆಂಕಿಯ ಭಯ ನಿಜವಾದದ್ದೇ.

6. ಡ್ರೈನ್ ನಟ್, ಆಯಿಲ್ ಫಿಲ್ಟರ್ ನೇರಕ್ಕೆ ತೂತು. ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ಗಾರ್ಡ್ ಬಿಚ್ಚಬೇಕು. ಬಿಚ್ಚಿದವರು ನಾಲ್ಕರಲ್ಲಿ ಮೂರು ಬೋಲ್ಟ್ ಮಾತ್ರ ವಾಪಸು ಹಾಕುತ್ತಾರೆ.

7. ಬೋಲ್ಟಿನ ತಲೆ ತಗಡಿನ ಮಟ್ಟಕ್ಕಿಂತ ಕೆಳಗೆ ಚಾಚಬಾರದು. ಚಾಚಿದರೆ ಒಂದೇ ವರ್ಷದಲ್ಲಿ ನೆಲಕ್ಕೆ ಉಜ್ಜಿ ಉಜ್ಜಿ ಅದರ ಆರು ಮೂಲೆ ಸವೆದು, ಸ್ಪ್ಯಾನರ್ ಹಿಡಿಯದೆ, ಕೊನೆಗೆ ಗ್ಯಾಸ್ ಕಟರ್ ತರಿಸಬೇಕಾಗುತ್ತದೆ. ಬೋಲ್ಟ್ ಕೂರುವ ಕಡೆ ಶೀಟನ್ನು ಗುಳಿ ಮಾಡಿಸಿ. ಹೈಟೆನ್ಸಿಲ್ ಬೋಲ್ಟ್, ಸ್ಪ್ರಿಂಗ್ ವಾಷರ್ ಹಾಕಿಸಿ, ಥ್ರೆಡ್ಡಿಗೆ ಗ್ರೀಸ್ ಸವರಿಸಿ.

ಹಾಕಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಓಡಿದಾಗ ಬೋಲ್ಟ್‌ಗಳನ್ನು ಮತ್ತೆ ಬಿಗಿಸಿ. ಗಾರ್ಡ್ ಹಾಕಿದ ಕಾರು ಎರಡು ಸೆಂ.ಮೀ. ತಗ್ಗಾಗಿದೆ ಎಂಬುದು ನೆನಪಿನಲ್ಲಿರಲಿ. ಆಗಾಗ ಕರ್ರ್ ಎಂದು ಉಜ್ಜುವ ಸದ್ದು ಬರುತ್ತದೆ. ಅದು ತಗಡಿನದು, ಚೇಂಬರ್‌ನದಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎತ್ತರ ಹೆಚ್ಚಿಸಲೆಂದು ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದು ಈಗ ಬಹಳ ನಡೆಯುತ್ತಿದೆ. ಒಂದು ಸುರುಳಿ ಕೆಲಸ ಮಾಡದಂತೆ ತಡೆದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ, ಸವಾರಿ ಗಡುಸಾಗುತ್ತದೆ, ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟಿಂಗ್ ಬೇಗ ಹೋಗುತ್ತದೆ. ನನ್ನ ಮಟ್ಟಿಗೆ ಇದು ಬೇಡವೇ ಬೇಡ.

ಬಂಪರ್ ಮುಂದೆ ಉಕ್ಕಿನ ಬುಲ್ ಬಾರ್ ಹಾಕಿಸಿ "ಗಾರ್ಡ್ ಇದೆ" ಎಂದುಕೊಳ್ಳುವುದು ಇನ್ನೊಂದು. ಅದು ತಳ ಕಾಯುವುದಿಲ್ಲ. ಅಪಘಾತದಲ್ಲಿ ಪಾದಚಾರಿಗೂ ಒಳಗಿದ್ದವರಿಗೂ ಅಪಾಯ ಹೆಚ್ಚಿಸುತ್ತದೆ. ಅದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ತಳಕ್ಕೆ ಹೊಡೆಯುವ ಕಪ್ಪು ಅಂಡರ್‌ಬಾಡಿ ಕೋಟಿಂಗ್ ತುಕ್ಕು ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಹೊಡೆಸುವಾಗ ಸೈಲೆನ್ಸರ್, ಸೆನ್ಸರ್, ನೀರು ಇಳಿಯುವ ತೂತುಗಳ ಮೇಲೆ ಬೀಳದಂತೆ ನೋಡಿಕೊಳ್ಳಿ.

ಎಲೆಕ್ಟ್ರಿಕ್ ಕಾರು ಇರುವವರಿಗೆ ಒಂದೇ ಮಾತು: ನಿಮ್ಮ ಕಾರಿನ ತಳದಲ್ಲಿರುವುದು ಬ್ಯಾಟರಿ. ಹೊರಗಿನವರಿಂದ ಅಲ್ಲಿ ಒಂದು ತೂತೂ ಕೊರೆಸಬೇಡಿ. ವಾರಂಟಿ ಇರುವ ಯಾವ ಹೊಸ ಕಾರಾದರೂ ಸರಿ, ಗಾರ್ಡ್ ಹಾಕಿಸುವ ಮುಂಚೆ ಶೋರೂಮಿನಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಓಡಿಸುವ ರೀತಿ

ಹಂಪ್ ಹತ್ತುವ ಮುಂಚೆಯೇ ವೇಗ ಇಳಿಸಿ, ಚಕ್ರ ಹಂಪಿಗೆ ತಾಗುವ ಹೊತ್ತಿಗೆ ಬ್ರೇಕ್‌ನಿಂದ ಕಾಲು ತೆಗೆದಿರಬೇಕು. ಹಂಪಿನ ಮೇಲೆ ಬ್ರೇಕ್ ಒತ್ತಿದರೆ ಮೂತಿ ಕೆಳಗೆ ಹೋಗಿ, ಇದ್ದ ಎತ್ತರವನ್ನು ನೀವೇ ಕಳೆದುಕೊಳ್ಳುತ್ತೀರಿ. ಕಿರಿದಾದ ಚೂಪು ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ಆಗ ಒಂದಲ್ಲ ಒಂದು ಚಕ್ರ ಮೇಲೆಯೇ ಇದ್ದು ಬಾಡಿಯನ್ನು ಎತ್ತಿ ಹಿಡಿಯುತ್ತದೆ. ಓರೆ ತಿರುಗಿಸುವ ಮುಂಚೆ ಪಕ್ಕದಲ್ಲಿ ಸ್ಕೂಟರ್ ಬರುತ್ತಿದೆಯೇ ಎಂದು ಕನ್ನಡಿ ನೋಡಿ.

ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಓಡಾಡಿದ ತೋಟದ ದಾರಿಯಲ್ಲಿ ಎರಡು ಜಾಡು ಆಳವಾಗಿ, ನಡುವೆ ದಿಣ್ಣೆ ಎದ್ದಿರುತ್ತದೆ. ಜಾಡಿನೊಳಗೇ ಹೋದರೆ ಚೇಂಬರ್ ದಿಣ್ಣೆಯನ್ನು ಉಳುತ್ತಾ ಹೋಗುತ್ತದೆ. ಒಂದು ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ಜಾಡಿನ ಆಚೆ ಅಂಚಿನ ಮೇಲೆ ಇಟ್ಟು ನಿಧಾನವಾಗಿ ಹೋಗಿ. ಮಳೆಗಾಲದಲ್ಲಿ ಅಂಚು ಜಾರಿ ಪಕ್ಕದ ಕಪ್ಪಿಗೆ (ನೀರುಗಾಲುವೆಗೆ) ಇಳಿಯುವ ಸಾಧ್ಯತೆ ಇದೆ. ಅಂಥ ಜಾಗದಲ್ಲಿ ಜನರನ್ನು ಇಳಿಸಿ ಕಾರು ದಾಟಿಸುವುದೇ ಒಳ್ಳೆಯದು. ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕಾರು ಎದ್ದು ನಿಲ್ಲುತ್ತದೆ, ಮುಂದೆ ನಿಂತವರು ದಾರಿ ತೋರಿಸುತ್ತಾರೆ.

ಜಲ್ಲಿ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ.

ಪೆಟ್ಟು ಬಿದ್ದ ಮೇಲೆ

1. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಆಯಿಲ್ ಕ್ಯಾನಿನ ಆಕಾರದ ಕೆಂಪು ದೀಪ ಹತ್ತಿದ್ದರೆ ಆ ಕ್ಷಣವೇ ಆಫ್. "ಮುಂದಿನ ಊರಲ್ಲಿ ಗ್ಯಾರೇಜ್ ಇದೆ, ಎರಡೇ ಕಿ.ಮೀ." ಎಂಬ ಲೆಕ್ಕವೇ ಎಂಜಿನ್ ತಿನ್ನುವುದು.

2. ಐದು ನಿಮಿಷ ಕಾದು ಕೆಳಗೆ ನೋಡಿ. ಬಣ್ಣವಿಲ್ಲದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಎ.ಸಿ. ನೀರು, ಹೆದರಬೇಡಿ. ಕಂದು ಅಥವಾ ಕಪ್ಪು, ಜಿಡ್ಡು ಜಿಡ್ಡಾದದ್ದು ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದು ಕೂಲೆಂಟ್.

3. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಸೋರಿಕೆ ಇದ್ದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಎಂ-ಸೀಲ್ ಮೆತ್ತಿ ಹೋಗೋಣ ಎಂದರೆ, ಎಣ್ಣೆ ಹಚ್ಚಿದ ಬಿಸಿ ಲೋಹಕ್ಕೆ ಅದು ಹಿಡಿಯುವುದಿಲ್ಲ.

4. ಸೋರದಿದ್ದರೂ ಪೆಟ್ಟು ಜೋರಾಗಿದ್ದರೆ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಚೇಂಬರ್ ಒಳಕ್ಕೆ ಹೋಗಿದ್ದರೆ ಬಿಚ್ಚಿಸಿ ಜಾಲರಿಯ ಅಂತರ ಪರೀಕ್ಷಿಸಬೇಕು. ಹೊರಗಿನಿಂದ ಡೆಂಟ್ ಎಳೆಸಿದರೆ ಒಳಗೆ ಏನಾಗಿದೆ ಎಂದು ಗೊತ್ತಾಗುವುದಿಲ್ಲ.

5. ಇದ್ದಲ್ಲೇ ಫೋಟೊ ತೆಗೆದು ವಿಮೆ ಕಂಪನಿಗೆ ತಿಳಿಸಿ. ಸಾಮಾನ್ಯ ಪಾಲಿಸಿ ಒಡೆದ ಚೇಂಬರ್‌ಗೆ ಕೊಡುತ್ತದೆ. ಒಡೆದ ಮೇಲೂ ಓಡಿಸಿ ಎಂಜಿನ್ ಸೀಜ್ ಆದರೆ ಅದು ನಂತರದ ಹಾನಿ ಎಂದು ಕೈತೊಳೆದುಕೊಳ್ಳುತ್ತದೆ. ಚೇಂಬರ್ ಖರ್ಚು ಸಾವಿರಗಳಲ್ಲಿ ಮುಗಿದರೆ ಎಂಜಿನ್ ಖರ್ಚು ಲಕ್ಷದ ಹತ್ತಿರ ಹೋಗುತ್ತದೆ. ಕಲ್ಲುದಾರಿಯಲ್ಲಿ ಓಡಾಡುವವರು ಪಾಲಿಸಿ ನವೀಕರಿಸುವಾಗ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಿ, ಅದರ ಷರತ್ತುಗಳನ್ನೂ ಓದಿ.

ಗಾರ್ಡ್ ಹಾಕಿಸಿದವರಿಗೆ ಒಂದು ಎಚ್ಚರಿಕೆ

ಗಾರ್ಡ್ ಇಲ್ಲದ ಕಾರು ಸೋರಿದರೆ ಶೆಡ್ಡಿನ ನೆಲದ ಮೇಲೆ ಕಲೆ ಬೀಳುತ್ತದೆ, ಬೆಳಗ್ಗೆ ಕಣ್ಣಿಗೆ ಬೀಳುತ್ತದೆ. ಗಾರ್ಡ್ ಇದ್ದರೆ ಎಣ್ಣೆ ತಗಡಿನ ಮೇಲೆ ನಿಂತು, ಅಲ್ಲಿರುವ ಕೆಮ್ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಸೋರಿದರೂ ನೆಲ ಸ್ವಚ್ಛವಾಗಿಯೇ ಇರುತ್ತದೆ. ಆದ್ದರಿಂದ ಗಾರ್ಡ್ ಹಾಕಿಸಿದ ದಿನದಿಂದ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಮಾಡಿಕೊಳ್ಳಲೇಬೇಕು.

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಕಡೆಯ ಕೆಸರು ತಗಡು ಮತ್ತು ಚೇಂಬರ್ ನಡುವೆ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ತಗಡಿನ ಚೇಂಬರ್ ಹೊರಗಿನಿಂದಲೇ ತುಕ್ಕು ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆ ಹೊತ್ತಿಗೆ ಒಮ್ಮೆ ಗಾರ್ಡ್ ಪೂರ್ತಿ ಬಿಚ್ಚಿಸಿ ತೊಳೆಸಿ. ಬಿಚ್ಚಿದ ತಗಡನ್ನು ತಿರುಗಿಸಿ ಒಳಮೈ ನೋಡಿ. ಎಲ್ಲಾದರೂ ಹೊಳೆಯುವ ಉಜ್ಜಿದ ಗುರುತು ಇದ್ದರೆ ಅಲ್ಲಿ ಚೇಂಬರ್ ತಗಲುತ್ತಿದೆ ಎಂದರ್ಥ. ತಗಡನ್ನು ಸರಿಯಾಗಿ ಬಡಿದು, ಬೋಲ್ಟಿಗೆ ಸ್ಪೇಸರ್ ಕೊಟ್ಟು, ಅಂತರ ಮತ್ತೆ ಹೊಂದಿಸಿಕೊಂಡೇ ಬಿಗಿಸಬೇಕು.